"ಸುಮ್ನೆ ಕೂತ್ಕೊಳ್ಳಿ" ಅನ್ನಬೇಡಿ: ಮನೆಯ ಹಿರಿಯರು ಬೀಳದಂತೆ, ಸೊಂಟ ಮುರಿಯದಂತೆ ನೋಡಿಕೊಳ್ಳುವ ಬಗೆ

ಎಪ್ಪತ್ತು ದಾಟಿದ ಅಮ್ಮ ಪಾತ್ರೆ ತೊಳೆಯಲು ಎದ್ದರೆ ಮಕ್ಕಳ ಬಾಯಲ್ಲಿ ಮೊದಲು ಬರುವ ಮಾತು, "ನೀವ್ಯಾಕೆ ಮಾಡ್ತೀರಿ, ಸುಮ್ನೆ ಕೂತ್ಕೊಳ್ಳಿ." ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ವರ್ಷಗಟ್ಟಲೆ ಸುಮ್ಮನೆ ಕೂತವರಿಗೆ ಒಂದು ದಿನ ಬಚ್ಚಲಲ್ಲಿ ಕಾಲೇ ಕೈಕೊಡುತ್ತದೆ. ಬಿದ್ದ ಮೇಲೆ "ವಯಸ್ಸಾಯ್ತಲ್ಲ" ಎಂದು ಎಲ್ಲರೂ ಸಮಾಧಾನ ಮಾಡಿಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ, ವಯಸ್ಸೊಂದೇ ಯಾರನ್ನೂ ಬೀಳಿಸುವುದಿಲ್ಲ. ಸೋತ ತೊಡೆ, ರಾತ್ರಿಯ ಮಾತ್ರೆ, ಒದ್ದೆ ಟೈಲ್ಸು, ಕತ್ತಲು. ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಸೇರಿದ ದಿನ ಬೀಳುತ್ತಾರೆ. ಇವುಗಳಲ್ಲಿ ಹೆಚ್ಚಿನವನ್ನು ಮನೆಯವರೇ ಸರಿಪಡಿಸಬಹುದು.

65 ದಾಟಿದವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಹಳ ಸಲ ಮೈಕೈ ನೋವಿನಲ್ಲೇ ಮುಗಿಯುತ್ತದೆ. ಪಕ್ಕಕ್ಕೆ ಬಿದ್ದು ಇಡೀ ಭಾರ ಸೊಂಟದ ಪಕ್ಕಕ್ಕೆ ಬಡಿದರೆ ಮಾತ್ರ ಕಥೆ ಬೇರೆ. ಆಗ ಮುರಿಯುವುದು ತೊಡೆಮೂಳೆಯ ಮೇಲ್ತುದಿ. ಹಾಗೆ ಮುರಿದುಕೊಂಡ ಹಿರಿಯರಲ್ಲಿ ಐದರಲ್ಲಿ ಒಬ್ಬರಾದರೂ ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಮುರಿದ ಮೂಳೆಗಿಂತ, ಆಮೇಲೆ ಮಲಗಿದ್ದಲ್ಲೇ ಮಲಗುವುದರಿಂದ ಬರುವ ನ್ಯುಮೋನಿಯಾ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ರಕ್ತ, ಬೆನ್ನಿನ ಹುಣ್ಣು ಇವೇ ಜಾಸ್ತಿ ಜೀವ ತೆಗೆಯುತ್ತವೆ.

ಮೊದಲು ಕೇಳಿ, ಆಮೇಲೆ ಒಂದು ಕುರ್ಚಿ ಹಾಕಿ

"ಈ ವರ್ಷ ಎಲ್ಲಾದ್ರೂ ಬಿದ್ರಾ?" ಎಂದು ನೇರವಾಗಿ ಕೇಳಿದರೆ ಬಹಳ ಜನ "ಇಲ್ವಲ್ಲ" ಅಂತಾರೆ. ಹೇಳಿದರೆ ನಾಳೆಯಿಂದ ದೇವಸ್ಥಾನಕ್ಕೂ ಬಿಡಲ್ಲ ಎಂಬ ಭಯ ಅವರಿಗೆ. "ಎಲ್ಲಾದ್ರೂ ಕಾಲು ಜಾರಿತ್ತಾ? ಗೋಡೆ ಹಿಡ್ಕೊಂಡು ಓಡಾಡ್ತಿದ್ದೀರಾ?" ಎಂದು ಮಾತಿನ ಮಧ್ಯೆ ಕೇಳಿ, ಬೈಯಬೇಡಿ. ಒಮ್ಮೆ ಬಿದ್ದವರು ಮತ್ತೆ ಬೀಳುವ ಸಾಧ್ಯತೆ ಜಾಸ್ತಿ. ವರ್ಷದಲ್ಲಿ ಎರಡು ಸಲ ಬಿದ್ದಿದ್ದರೆ, ಅಥವಾ ಕಣ್ಣು ಕತ್ತಲೆ ಬಂದು, ಎಚ್ಚರ ತಪ್ಪಿ ಬಿದ್ದಿದ್ದರೆ ಈ ಲೇಖನ ಪಕ್ಕಕ್ಕಿಟ್ಟು ಮೊದಲು ಡಾಕ್ಟರ ಹತ್ತಿರ ಹೋಗಿ. ಹೃದಯದ ಬಡಿತದಲ್ಲೇ ಏರುಪೇರು ಇರಬಹುದು.

ಈಗ ಕುರ್ಚಿ. ಕೈ ಇಲ್ಲದ, ಗಟ್ಟಿಯಾದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಹಿರಿಯರು ಎರಡೂ ಕೈಯನ್ನು ಎದೆ ಮೇಲೆ ಕತ್ತರಿ ಮಾಡಿಕೊಂಡು ಕೂರಲಿ. 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಣಿಸಿ. 70ರಿಂದ 74ರ ಹೆಂಗಸರಿಗೆ 10ಕ್ಕಿಂತ, ಗಂಡಸರಿಗೆ 12ಕ್ಕಿಂತ ಕಡಿಮೆ ಬಂದರೆ ಕಾಲಿನ ಬಲ ಸಾಲದು ಎಂದರ್ಥ. 80ರಿಂದ 84ರವರಿಗೆ ಆ ಲೆಕ್ಕ 9 ಮತ್ತು 10. ಕೈ ಊರದೆ ಒಂದು ಸಲವೂ ಏಳಲು ಆಗದಿದ್ದರೆ ಅಲ್ಲಿಗೇ ನಿಲ್ಲಿಸಿ, ಉತ್ತರ ಸಿಕ್ಕಿತು.

ಇನ್ನೊಂದು: ಒಂದು ಪಾದದ ಹಿಮ್ಮಡಿ ಇನ್ನೊಂದು ಪಾದದ ಬೆರಳಿಗೆ ತಾಗುವಂತೆ, ಹಿಂದೆ ಮುಂದೆ ಇಟ್ಟು 10 ಸೆಕೆಂಡ್ ನಿಲ್ಲಬೇಕು. ಆಗದಿದ್ದರೆ ಬೀಳುವ ಅಪಾಯ ಇದೆ. ಇವನ್ನೆಲ್ಲ ಮಾಡಿಸುವಾಗ ನೀವು ಪಕ್ಕದಲ್ಲೇ ನಿಂತಿರಿ.

ಮಾತ್ರೆ ಡಬ್ಬ ಸುರಿದು ನೋಡಿ

ಬಹುಪಾಲು ಮನೆಗಳಲ್ಲಿ ಯಾರೂ ಮುಟ್ಟದ ಹೆಜ್ಜೆ ಇದು. ಖರ್ಚೇ ಇಲ್ಲ. ಎಲ್ಲ ಮಾತ್ರೆಗಳನ್ನೂ ಮೇಜಿನ ಮೇಲೆ ಹರಡಿ. ಹಳೆ ಚೀಟಿಯದ್ದು, ಮೆಡಿಕಲ್ ಶಾಪಿನಲ್ಲಿ ಕೇಳಿ ತಂದದ್ದು, ಎಲ್ಲವೂ ಬರಲಿ.

ನಿದ್ದೆಗೆ, 'ಟೆನ್ಶನ್ನಿಗೆ' ಎಂದು ಎಂದೋ ಬರೆದುಕೊಟ್ಟ ಅಲ್ಪ್ರಜೋಲಾಮ್, ಕ್ಲೋನಜೆಪಾಮ್ ಇವೆಯಾ? ರಾತ್ರಿ ಎರಡು ಗಂಟೆಗೆ ಮೂತ್ರಕ್ಕೆ ಎದ್ದಾಗ ತೂರಾಡಿಸುವುದು ಇವೇ. ಪ್ರಾಸ್ಟೇಟ್ ತೊಂದರೆಗೆ ಕೊಡುವ ಟಾಮ್ಸುಲೋಸಿನ್, ಬಿಪಿಗೆ ಕೊಡುವ ಪ್ರಾಜೋಸಿನ್, ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ಇವು ಎದ್ದು ನಿಂತಾಗ ಬಿಪಿ ಇಳಿಸಬಹುದು. ನೆಗಡಿಗೆ ನುಂಗುವ, ಕ್ಲೋರ್‌ಫೆನಿರಮಿನ್ ಇರುವ ಮಾತ್ರೆ ಮಂಪರು ತರುತ್ತದೆ. ಸಕ್ಕರೆ ಕಾಯಿಲೆಗೆ ಗ್ಲಿಮಿಪಿರೈಡ್ ತಗೊಳ್ಳುವ ಅಜ್ಜಿ ಏಕಾದಶಿ ದಿನ ಮಾತ್ರೆ ನುಂಗಿ ಉಪವಾಸ ಕೂತರೆ ಶುಗರ್ ಇಳಿದು ಬೀಳುವುದು ಆಶ್ಚರ್ಯವಲ್ಲ. ಉಪವಾಸದ ದಿನ ಯಾವ ಮಾತ್ರೆ ಬಿಡಬೇಕು ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಇದನ್ನು ಓದಿ ನೀವೇ ಮಾತ್ರೆ ನಿಲ್ಲಿಸಬೇಡಿ. ನಿದ್ದೆ ಮಾತ್ರೆಯನ್ನಂತೂ ದಿಢೀರ್ ಬಿಟ್ಟರೆ ಬೇರೆಯೇ ತೊಂದರೆ, ನಿಧಾನವಾಗಿ ಇಳಿಸಬೇಕು. ಡಬ್ಬವನ್ನೇ ಡಾಕ್ಟರ ಹತ್ತಿರ ತಗೊಂಡು ಹೋಗಿ, "ಇದರಲ್ಲಿ ಬೀಳಿಸೋದು ಯಾವುದು ಸರ್?" ಎಂದು ಬಾಯ್ಬಿಟ್ಟು ಕೇಳಿ.

ಮನೆಯಲ್ಲಿ ಬಿಪಿ ಮೆಷಿನ್ ಇದ್ದರೆ ಐದು ನಿಮಿಷ ಮಲಗಿಸಿ ಒಮ್ಮೆ ನೋಡಿ. ಎದ್ದು ನಿಂತ ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದ್ದು 10 ಇಳಿದರೆ ಬರೆದಿಟ್ಟುಕೊಂಡು ಡಾಕ್ಟರಿಗೆ ತೋರಿಸಿ. ಅಲ್ಲಿಯವರೆಗೆ ಒಂದು ಅಭ್ಯಾಸ ಮಾಡಿಸಿ: ಎಚ್ಚರವಾದ ತಕ್ಷಣ ಏಳುವುದು ಬೇಡ. ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು, ಪಾದ ಮೇಲೆ ಕೆಳಗೆ ಆಡಿಸಿ, ಆಮೇಲೆ ಏಳಲಿ.

ಬಚ್ಚಲು: ದುಡ್ಡು ಹಾಕುವುದಾದರೆ ಇಲ್ಲಿ

ಅಜ್ಜಿ ಸ್ನಾನಕ್ಕೆ ಹೋಗುವುದನ್ನು ಒಂದು ಸಲ ಕಣ್ಮುಂದೆ ತಂದುಕೊಳ್ಳಿ. ಹೊಸ್ತಿಲು ದಾಟಿ ಅರ್ಧ ಮೆಟ್ಟಿಲಷ್ಟು ಕೆಳಗಿಳಿಯುತ್ತಾರೆ. ತುಂಬಿದ ಬಕೆಟ್ಟನ್ನು ಬಗ್ಗಿ ಎಳೆದುಕೊಳ್ಳುತ್ತಾರೆ. ಗಿಡ್ಡ ಮಣೆ ಮೇಲೆ ಕೂರುತ್ತಾರೆ. ಸೋಪಿನ ನೀರು ಅವರ ಪಾದದ ಕೆಳಗೇ ಹರಿಯುತ್ತದೆ. ಏಳುವಾಗ ಕೈಗೆ ಸಿಗುವುದು ನಲ್ಲಿ, ಇಲ್ಲವೇ ಟವೆಲ್ ರಾಡು. ತಾತನಾದರೆ ಒದ್ದೆ ನೆಲದ ಮೇಲೆ ಒಂದು ಕಾಲೆತ್ತಿ ಚಡ್ಡಿ ಹಾಕಿಕೊಳ್ಳುತ್ತಾರೆ. ಇಷ್ಟಕ್ಕೂ ಬಾಗಿಲ ಚಿಲಕ ಒಳಗಿನಿಂದ ಹಾಕಿದೆ.

ಟವೆಲ್ ರಾಡು ಟವೆಲ್ಲಿನ ಭಾರಕ್ಕೆ ಮಾಡಿದ್ದು, ಮನುಷ್ಯ ಜೋತರೆ ಕಿತ್ತುಬರುತ್ತದೆ. ಹಿಡಿದು ಏಳಲು ಸ್ಟೀಲಿನ ಗಟ್ಟಿ ಹಿಡಿಕೆ ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಗ್ರ್ಯಾಬ್ ಬಾರ್ ಎಂದರೆ ಕೊಡುತ್ತಾರೆ. ಕಮೋಡಿನ ಪಕ್ಕ ಒಂದು, ಸ್ನಾನ ಮಾಡುವ ಜಾಗದಲ್ಲಿ ಒಂದು. ನೆಲದಿಂದ 33ರಿಂದ 36 ಇಂಚು ಎತ್ತರ ಸಾಮಾನ್ಯವಾಗಿ ಸರಿಹೋಗುತ್ತದೆ. ಆದರೂ ಅವರನ್ನೇ ಕರೆದು, ಕೂರಿಸಿ, ಕೈ ಎಲ್ಲಿ ಹೋಗುತ್ತದೋ ಅಲ್ಲಿ ಗುರುತು ಹಾಕಿಸಿ. ಗೋಡೆ ಕೊರೆದು ಆ್ಯಂಕರ್ ಬೋಲ್ಟ್ ಹಾಕಿಸಿ. ಟೈಲ್ಸಿಗೆ ಗಾಳಿ ಒತ್ತಿ ಅಂಟಿಸುವ ರಬ್ಬರ್ ಕಪ್ಪಿನ ಹಿಡಿಕೆ ಬೇಡವೇ ಬೇಡ. ಹಾಕಿಸಿದ ಮೇಲೆ ನೀವೇ ಪೂರ್ತಿ ಭಾರ ಬಿಟ್ಟು ಜಗ್ಗಿ ನೋಡಿ.

ಮಣೆಯ ಬದಲು ಅಗಲ ಕಾಲಿನ, ರಬ್ಬರ್ ಬುಷ್ ಇರುವ ಸ್ನಾನದ ಕುರ್ಚಿ ಇಡಿ. ಹಗುರ ಪ್ಲಾಸ್ಟಿಕ್ ಸ್ಟೂಲು ಒದ್ದೆ ನೆಲದಲ್ಲಿ ತಾನೇ ಜಾರುತ್ತದೆ. ಬಕೆಟ್ಟನ್ನು ಕುರ್ಚಿಯ ಮಟ್ಟಕ್ಕೆ ಏನಾದರೂ ಗಟ್ಟಿಯಾದದ್ದರ ಮೇಲಿಡಿ, ಬಗ್ಗುವುದು ತಪ್ಪುತ್ತದೆ. ಹ್ಯಾಂಡ್ ಶವರ್ ಇದ್ದರೆ ಇನ್ನೂ ಒಳ್ಳೆಯದು. ನೆಲಕ್ಕೆ ತೂತಿನ ರಬ್ಬರ್ ಮ್ಯಾಟು ಹಾಕಿದರೆ ವಾರಕ್ಕೊಮ್ಮೆ ತಿರುಗಿಸಿ ಉಜ್ಜಿ. ಸೋಪಿನ ಜಿಡ್ಡು ಕೂತರೆ ಮ್ಯಾಟೇ ಜಾರುತ್ತದೆ. ಬಟ್ಟೆ ಹಾಕಿಕೊಳ್ಳುವುದು ಹೊರಗೆ, ಮಂಚದ ಮೇಲೆ ಕೂತು.

ಹಬ್ಬದ ಎಣ್ಣೆಸ್ನಾನದ ಬಗ್ಗೆ ಒಂದು ಮಾತು. ಯುಗಾದಿ, ದೀಪಾವಳಿ ದಿನ ಮನೆಮಂದಿಯೆಲ್ಲ ಒಬ್ಬರಾದ ಮೇಲೊಬ್ಬರು ಎಣ್ಣೆ ಹಚ್ಚಿಕೊಂಡು ಅದೇ ಬಚ್ಚಲಿಗೆ ಹೋಗುತ್ತಾರೆ. ಕೊನೆಗೆ ಹೋದವರ ಕಾಲಡಿ ಜಿಡ್ಡೇ ಜಿಡ್ಡು. ಹಿರಿಯರನ್ನು ಮೊದಲು ಕಳಿಸಿ. ಪಾದಕ್ಕೆ ಎಣ್ಣೆ ಹಚ್ಚಬೇಡಿ, ಹಚ್ಚಿದ್ದರೆ ಕಡಲೆಹಿಟ್ಟಿನಲ್ಲಿ ಉಜ್ಜಿ ಒರೆಸಿಯೇ ಒಳಗೆ ಬಿಡಿ.

ಬಾಗಿಲಿಗೆ ಒಳಗಿನ ಚಿಲಕ ತೆಗೆಸಿ, ಹೊರಗಿನಿಂದ ಕಾಸಿನಲ್ಲಿ ತಿರುಗಿಸಿ ತೆಗೆಯಬಹುದಾದ ಲಾಕು ಹಾಕಿಸಿ. ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ, ಬಿದ್ದವರ ಮೈಯೇ ಅಡ್ಡವಾಗಿ ತೆಗೆಯಲು ಆಗುವುದಿಲ್ಲ. ಬಡಗಿಯನ್ನು ಕರೆಸಿ ಹೊರಕ್ಕೆ ತೆರೆಯುವಂತೆ ತಿರುಗಿಸಿಕೊಳ್ಳಿ.

ಮನೆಯಲ್ಲಿ ನೆಲದ ಮಟ್ಟದ ಕಕ್ಕಸು ಮಾತ್ರ ಇದ್ದರೆ ಅದರ ಮೇಲೆ ಇಡುವ ಕಮೋಡ್ ಕುರ್ಚಿ ಸಿಗುತ್ತದೆ. ಕಮೋಡ್ ತೀರಾ ಕೆಳಗಿದ್ದರೆ ಮೇಲೆ ಕೂರಿಸುವ ಎತ್ತರದ ಸೀಟು ಬರುತ್ತದೆ.

ಮಂಚದಿಂದ ಬಚ್ಚಲವರೆಗಿನ ದಾರಿ

ಇಡೀ ಮನೆ ಬದಲಾಯಿಸಲು ಹೋಗಬೇಡಿ. ರಾತ್ರಿ ಅವರು ನಡೆಯುವ ಆ ಇಪ್ಪತ್ತು ಹೆಜ್ಜೆ ಮೊದಲು ಸರಿಯಾಗಲಿ. ಮಂಚದ ಮೇಲೆ ಕೂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ಊರಬೇಕು. ಕೈಗೆಟಕುವಲ್ಲಿ ಟಾರ್ಚು ಇರಲಿ, ಕರೆಂಟು ಹೇಳಿ ಹೋಗುವುದಿಲ್ಲ. ಓಡಾಡಿದಾಗ ತಾನೇ ಹೊತ್ತಿಕೊಳ್ಳುವ ಸೆನ್ಸರ್ ದೀಪ ಒಂದೆರಡು ಹಾಕಿ. ಹಳೆ ಸೀರೆಯ ಕಾಲೊರೆಸು ನುಣುಪು ಗ್ರಾನೈಟಿನ ಮೇಲೆ ಜಾರುತ್ತದೆ, ಅಂಚು ಮಡಚಿ ಕಾಲಿಗೂ ಸಿಕ್ಕುತ್ತದೆ. ತೆಗೆದುಬಿಡಿ, ಇಲ್ಲವೇ ಅಡಿಗೆ ರಬ್ಬರ್ ಇರುವುದು ತನ್ನಿ. ಚಾರ್ಜರ್ ವಯರು, ಮೊಮ್ಮಕ್ಕಳ ಆಟಿಕೆ ದಾರಿಯಲ್ಲಿ ಇರಬಾರದು. ರಾತ್ರಿ ಮೂರು ನಾಲ್ಕು ಸಲ ಏಳುವವರಿಗೆ ಮಂಚದ ಪಕ್ಕವೇ ಯೂರಿನ್ ಕ್ಯಾನ್ ಇಡಿ. ನಾಚಿಕೆ ಎರಡು ದಿನ, ಅಷ್ಟೇ. ನೀರು ಕುಡಿಯುವುದನ್ನು ಸಂಜೆ ಮೇಲೆ ಕಡಿಮೆ ಮಾಡಿ, ಆದರೆ ಹಗಲಲ್ಲಿ ಚೆನ್ನಾಗಿ ಕುಡಿಯಲಿ.

ಹಳೆ ಮನೆಯ ಎತ್ತರದ ಹೊಸ್ತಿಲನ್ನು ತೆಗೆಸಿ ಎಂದರೆ ಯಾರೂ ಒಪ್ಪುವುದಿಲ್ಲ, ಬೇಕಾಗಿಯೂ ಇಲ್ಲ. ಹಳದಿ ಬಣ್ಣ ಎದ್ದು ಕಾಣುವಂತಿರಲಿ, ಬಾಗಿಲ ಪಕ್ಕ ಒಂದು ಹಿಡಿಕೆ ಇರಲಿ. ಮಲೆನಾಡು, ಕರಾವಳಿಯ ಮನೆಗಳಿಗೆ ಜೂನ್ ಬಂದರೆ ಅಂಗಳದ ಪಾಚಿಯೇ ಶತ್ರು. ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿ ಬ್ರಷ್ಷಿನಲ್ಲಿ ಉಜ್ಜಿಸಿ, ಆ ಕೆಲಸವನ್ನು ಮನೆಯ ಕಿರಿಯರು ಮಾಡಲಿ. ಬೆಳಗ್ಗೆ ನೀರು ಹಾಕಿ ರಂಗೋಲಿ ಬಿಡುವ ಅಭ್ಯಾಸ ಇದ್ದರೆ ನೀರು ಹಾಕುವುದು ಇನ್ನೊಬ್ಬರ ಪಾಲಿಗೆ, ರಂಗೋಲಿ ಅವರ ಪಾಲಿಗೆ. ಮೆಟ್ಟಿಲಿಗೆ ಎರಡೂ ಕಡೆ ಹಿಡಿದುಕೊಳ್ಳುವ ಕಂಬಿ, ಮೇಲೂ ಕೆಳಗೂ ಸ್ವಿಚ್ಚು.

ಕಾಲಿಗೆ ಕೆಲಸ ಕೊಡಿ

ನನ್ನ ಪ್ರಕಾರ ಈ ಲೇಖನದಲ್ಲಿ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು ಹಿರಿಯರಿಗೆಂದೇ ರೂಪಿಸಿದ ಕಾಲಿನ ಬಲ ಮತ್ತು ಸಮತೋಲನದ ವ್ಯಾಯಾಮದಿಂದ ಬೀಳುವುದು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗಿತ್ತು. ಅದಕ್ಕೆ ಜಿಮ್ ಬೇಕಿಲ್ಲ, ಅಡುಗೆಮನೆಯ ಕಟ್ಟೆ ಸಾಕು. ಪಾರ್ಕಿನ ವಾಕಿಂಗ್ ಒಳ್ಳೆಯದೇ, ಆದರೆ ಅದೊಂದೇ ಸಾಲದು. ನೇರ ನಡೆಯುವಾಗ, ಎಡವಿದಾಗ ಸಾವರಿಸಿಕೊಳ್ಳುವ ಅಭ್ಯಾಸ ಆಗುವುದಿಲ್ಲ.

1. ಕುರ್ಚಿಯಿಂದ ಎದ್ದು ಕೂರುವುದು. ಮೊದಲು ಕೈ ಊರಿ, ಆಮೇಲೆ ಕೈ ಬಿಟ್ಟು. ಕೂರುವಾಗ ದಬಕ್ಕನೆ ಕೂರಬಾರದು, ನಿಧಾನ ಇಳಿಯಬೇಕು. ತೊಡೆಗೆ ಬಲ ಬರುವುದು ಅಲ್ಲೇ.

2. ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತು ಇಳಿಯುವುದು. ಆಮೇಲೆ ಬೆರಳೆತ್ತಿ ಹಿಮ್ಮಡಿ ಮೇಲೆ. ನಮ್ಮ ಅತ್ತೆ ಇದನ್ನು ಹಾಲು ಕಾಯಿಸುವಾಗ ಮಾಡುತ್ತಾರೆ. "ಹೆಂಗೂ ಉಕ್ಕೋವರೆಗೂ ಕಾಯ್ಬೇಕಲ್ಲ" ಅಂತಾರೆ.

3. ಕಟ್ಟೆ ಹಿಡಿದು ಒಂದು ಕಾಲನ್ನು ಪಕ್ಕಕ್ಕೆ ಎತ್ತಿ ಇಳಿಸುವುದು, ಮೈ ವಾಲಿಸದೆ.

4. ಕಟ್ಟೆಯುದ್ದಕ್ಕೂ ಏಡಿಯಂತೆ ಅಡ್ಡ ನಡೆಯುವುದು, ಹಾಗೇ ವಾಪಸ್.

5. ಹಿಮ್ಮಡಿಗೆ ಬೆರಳು ತಾಗಿಸಿ ನಿಲ್ಲುವುದು. ಕೈ ಕಟ್ಟೆಯ ಮೇಲೆ, ದಿನ ಕಳೆದಂತೆ ಬರೀ ಬೆರಳು, ಆಮೇಲೆ ಅದೂ ಬೇಡ.

ಮೊದಲ ಮೂರು ವ್ಯಾಯಾಮ ವಾರದಲ್ಲಿ ಮೂರು ದಿನ, ಹತ್ತತ್ತು ಸಲ. ಕೊನೆಯ ಎರಡನ್ನು ಪ್ರತಿದಿನವೂ ಮಾಡಬಹುದು. ಫಲ ಕಾಣಲು ಎರಡು ಮೂರು ತಿಂಗಳು ಬೇಕು, ಬಿಟ್ಟರೆ ಬಂದ ಬಲ ಹೋಗುತ್ತದೆ. ಮಂಡಿ ತೀರಾ ನೋವಿರುವವರು, ಈಗಾಗಲೇ ಬಿದ್ದವರು ಒಮ್ಮೆ ಫಿಸಿಯೋಥೆರಪಿಸ್ಟ್ ಹತ್ತಿರ ಕಲಿತು ಶುರು ಮಾಡಲಿ. ಇದರ ಜೊತೆಗೆ ಮನೆಗೆಲಸ ಮಾಡಲು ಬಿಡಿ. ಬಟ್ಟೆ ಮಡಚಲಿ, ತರಕಾರಿ ತರಲಿ, ತುಳಸಿಗೆ ನೀರು ಹಾಕಲಿ. ಬಿದ್ದೇನು ಎಂಬ ಭಯದಿಂದ ಕೂತವರು ಇನ್ನೂ ಬೇಗ ಬೀಳುತ್ತಾರೆ.

ಕೋಲು ಬೇಕಾದವರಿಗೆ ಕೋಲು ಕೊಡಿಸಿ, ಅಳತೆ ನೋಡಿ ಕೊಡಿಸಿ. ಕೈ ಇಳಿಬಿಟ್ಟು ನಿಂತಾಗ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ನೋವಿರುವ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು. ತುದಿಯ ರಬ್ಬರ್ ಸವೆದರೆ ಬದಲಾಯಿಸಿ. ಬಿಪಿಎಲ್ ಕುಟುಂಬದ ಹಿರಿಯರಿಗೆ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಕೋಲು, ವಾಕರ್, ಕನ್ನಡಕ ಉಚಿತವಾಗಿ ಸಿಗುತ್ತದೆ. ಶಿಬಿರ ಯಾವಾಗ ಎಂದು ವಿಚಾರಿಸಿ.

ಕಣ್ಣು, ಚಪ್ಪಲಿ

ಪೊರೆ ಬಂದಿದ್ದರೆ "ಇನ್ನೂ ಹಣ್ಣಾಗಲಿ" ಎಂದು ಕಾಯಬೇಡಿ. 2005ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಅಧ್ಯಯನದಲ್ಲಿ, ಮೊದಲ ಕಣ್ಣಿನ ಪೊರೆ ಬೇಗ ತೆಗೆಸಿಕೊಂಡ 70 ದಾಟಿದ ಹೆಂಗಸರಲ್ಲಿ ಬೀಳುವುದು 34% ಕಡಿಮೆಯಾಗಿತ್ತು. ಓದಲೂ ದೂರಕ್ಕೂ ಒಂದೇ ಕನ್ನಡಕ ಇದ್ದರೆ ಮೆಟ್ಟಿಲು ಇಳಿಯುವಾಗ ಕೆಳಗಿನ ಗಾಜಿನಲ್ಲಿ ಮೆಟ್ಟಿಲು ಮಸುಕಾಗಿ ಕಾಣುತ್ತದೆ. ತಲೆ ಪೂರ್ತಿ ಬಗ್ಗಿಸಿ ನೋಡುವುದನ್ನು ಹೇಳಿಕೊಡಿ.

ಸವೆದ ಹವಾಯಿ ಚಪ್ಪಲಿ ಎಸೆಯಿರಿ. ಹಿಮ್ಮಡಿಗೆ ಪಟ್ಟಿ ಇರುವ, ತಳ ಹಿಡಿತ ಕೊಡುವ ಚಪ್ಪಲಿ ಮನೆಯೊಳಗೂ ಇರಲಿ. ನುಣುಪು ನೆಲದ ಮೇಲೆ ಬರೀ ಸಾಕ್ಸ್ ಬೇಡ. ಸೀರೆ, ಪಂಚೆ ಹಿಮ್ಮಡಿಗಿಂತ ಮೇಲಿರಲಿ.

ಮೂಳೆಯ ವಿಷಯ

ಬಹಳ ಮನೆಗಳಲ್ಲಿ ಕ್ಯಾಲ್ಸಿಯಂ ಮಾತ್ರೆ ತಂದಿಟ್ಟು ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ. ಕ್ಯಾಲ್ಸಿಯಂ ಬೇಕು ನಿಜ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಲೆಕ್ಕದಂತೆ ಗಂಡಸರಿಗೆ ದಿನಕ್ಕೆ 1000 ಮಿಲಿಗ್ರಾಂ, ಮುಟ್ಟು ನಿಂತ ಹೆಂಗಸರಿಗೆ 1200. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 350, ಒಂದು ಲೋಟ ಹಾಲು ಅಥವಾ ಮೊಸರಿನಲ್ಲಿ 240ರ ಹತ್ತಿರ. ಮುದ್ದೆ, ಮಜ್ಜಿಗೆ, ಎಳ್ಳು, ನುಗ್ಗೆಸೊಪ್ಪು, ಮುಳ್ಳು ಸಮೇತ ತಿನ್ನುವ ಸಣ್ಣ ಮೀನು ಇವೆಲ್ಲ ಸೇರಿದರೆ ಬಹುಪಾಲು ಬಂದುಬಿಡುತ್ತದೆ. ನಿಜವಾಗಿ ಕೊರತೆಯಾಗುವುದು ಪ್ರೋಟೀನು. ಹಲ್ಲಿಲ್ಲದವರು ಗಂಜಿ, ಮೊಸರನ್ನದಲ್ಲೇ ದಿನ ಕಳೆಯುತ್ತಾರೆ. 55 ಕೆಜಿ ತೂಕದವರಿಗೆ ದಿನಕ್ಕೆ 55ರಿಂದ 65 ಗ್ರಾಂ ಬೇಕು. ಗಟ್ಟಿ ತೊವ್ವೆ, ಮೊಟ್ಟೆ, ಮೆತ್ತಗಿನ ಪನೀರು ಮೂರು ಹೊತ್ತಿಗೂ ಹಂಚಿ ಕೊಡಿ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳಿಯೇ ಹೆಚ್ಚಿಸಲಿ.

ವಿಟಮಿನ್ ಡಿ ಕೊರತೆ ನಮ್ಮಲ್ಲಿ ಬಹಳ ಸಾಮಾನ್ಯ. ಹಾಗೆಂದು 60,000 ಯೂನಿಟ್ಟಿನ ಸ್ಯಾಶೆಯನ್ನು ಯಾರನ್ನೂ ಕೇಳದೆ ವರ್ಷಗಟ್ಟಲೆ ಕುಡಿಯಬೇಡಿ. ಆಸ್ಟ್ರೇಲಿಯಾದಲ್ಲಿ 70 ದಾಟಿದ ಹೆಂಗಸರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಒಟ್ಟಿಗೆ ಕೊಟ್ಟು ನೋಡಿದರು. 2010ರಲ್ಲಿ ಫಲಿತಾಂಶ ಬಂತು: ಅವರು ಕಡಿಮೆ ಬೀಳುವ ಬದಲು ಜಾಸ್ತಿ ಬಿದ್ದರು, ಮೂಳೆಯೂ ಜಾಸ್ತಿ ಮುರಿಯಿತು.

65 ದಾಟಿದ ಹೆಂಗಸರು, 70 ದಾಟಿದ ಗಂಡಸರು ಒಮ್ಮೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿಕೊಳ್ಳುವುದು ಒಳ್ಳೆಯದು. ಬೇಗ ಮುಟ್ಟು ನಿಂತವರು, ಆಸ್ತಮಾ ಅಥವಾ ಸಂಧಿವಾತಕ್ಕೆ ಬಹುಕಾಲ ಸ್ಟಿರಾಯ್ಡ್ ಮಾತ್ರೆ ತಗೊಂಡವರು, ಸಣ್ಣ ಪೆಟ್ಟಿಗೆ ಮಣಿಕಟ್ಟು ಮುರಿದುಕೊಂಡವರು, ಎತ್ತರ ಕಡಿಮೆಯಾಗಿ ಗೂನು ಬಂದವರು ವಯಸ್ಸಿಗೆ ಕಾಯಬೇಡಿ. ಆ ಸ್ಕ್ಯಾನಿನ ವರದಿಯಲ್ಲಿ ಬರುವ ಟಿ ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಮೂಳೆ ಸವೆತಕ್ಕೇ ಬೇರೆ ಔಷಧಿ ಬೇಕು. ವಾರಕ್ಕೊಂದು ಮಾತ್ರೆ, ವರ್ಷಕ್ಕೊಂದು ಡ್ರಿಪ್ ಹೀಗೆ ಬಗೆಗಳಿವೆ. ವಾರದ ಮಾತ್ರೆಯಾದರೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗಬಾರದು, ಕಾಫಿಯೂ ಕುಡಿಯಬಾರದು.

ಬಿದ್ದೇಬಿಟ್ಟರು, ಈಗ?

ಓಡಿಹೋಗಿ ರಟ್ಟೆ ಹಿಡಿದು ಎತ್ತಬೇಡಿ. ಪಕ್ಕದಲ್ಲಿ ಕೂತು ಮಾತಾಡಿಸಿ. ಎಲ್ಲಿ ನೋವು? ತಲೆಗೆ ಏಟಾಯಿತಾ? ತೊಡೆಸಂದಿಯಲ್ಲಿ ನೋವು, ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದೆ, ಕಾಲು ಎತ್ತಲು ಆಗುತ್ತಿಲ್ಲ ಎಂದರೆ ಮುರಿದಿದೆ ಎಂದೇ ತಿಳಿಯಿರಿ. ಕಾಲು ಎಳೆಯಬೇಡಿ, ನೀವಬೇಡಿ, ಎಣ್ಣೆ ಹಚ್ಚಬೇಡಿ. ಕಾಲಿನ ಎರಡೂ ಪಕ್ಕ ದಿಂಬು ಕೊಟ್ಟು, ಹೊದಿಸಿ, 108ಕ್ಕೆ ಫೋನ್ ಮಾಡಿ. ಆಪರೇಷನ್ ಆಗಬೇಕಾಗಬಹುದು, ಹಾಗಾಗಿ ಕಾಫಿ ತಿಂಡಿ ಕೊಡಬೇಡಿ. ಶುಗರ್ ಇಳಿದು ಬಿದ್ದಿದ್ದಾರೆ ಅನ್ನಿಸಿದರೆ, ಎಚ್ಚರ ಇದ್ದರೆ ಮಾತ್ರ, ಸಕ್ಕರೆ ನೀರು ಕೊಡಿ. ಮಾತ್ರೆ ಡಬ್ಬ, ಆಧಾರ್, ಆರೋಗ್ಯ ಕಾರ್ಡು ಜೊತೆಗೆ ಇಟ್ಟುಕೊಳ್ಳಿ.

ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರ ತಲೆಗೆ ಏಟು ಬಿದ್ದಿದ್ದರೆ, ಚೆನ್ನಾಗೇ ಇದ್ದಾರೆ ಅನ್ನಿಸಿದರೂ ಆಸ್ಪತ್ರೆಗೆ ಹೋಗಿ. ಮಿದುಳಿನ ಸುತ್ತ ರಕ್ತ ನಿಧಾನವಾಗಿ ಸೇರಿ ವಾರಗಳ ಮೇಲೆ ತಲೆನೋವು, ಮಂಪರು, ಗೊಂದಲ ಶುರುವಾಗುವುದುಂಟು.

ಮುರಿದ ಮೂಳೆ ಒಂದಕ್ಕೊಂದು ಕಚ್ಚಿಕೊಂಡಿದ್ದರೆ ಕುಂಟುತ್ತಾ ನಡೆಯಲೂ ಆಗುತ್ತದೆ. "ನಡೀತಾರಲ್ಲ, ಉಳುಕಿರಬೇಕು" ಎಂದು ಬಿಡಬೇಡಿ. ಮೊದಲ ಎಕ್ಸ್‌ರೇಯಲ್ಲಿ ಕಾಣದ ಬಿರುಕೂ ಇರುತ್ತದೆ. ತೊಡೆಸಂದಿಯ ನೋವು ಹೋಗದಿದ್ದರೆ ಎಂಆರ್‌ಐ ಬಗ್ಗೆ ಕೇಳಿ.

ಮೂಳೆಗೆ ನಾಟಿ ಕಟ್ಟು ಹಾಕಿಸಲು ಕರೆದೊಯ್ಯೋಣ ಎಂದು ಯಾರಾದರೂ ಹೇಳೇ ಹೇಳುತ್ತಾರೆ. ಈ ಮೂಳೆ ದಪ್ಪ ಮಾಂಸದೊಳಗೆ ಇದೆ, ಹೊರಗಿನ ಕಟ್ಟು ಅದನ್ನು ಹಿಡಿದಿಡಲಾರದು. ತೊಡೆಮೂಳೆಯ ಮೇಲ್ತುದಿಯ ಗುಂಡಗಿನ ಭಾಗಕ್ಕೆ ಹೋಗುವ ರಕ್ತವೂ ಮುರಿತದಿಂದ ನಿಂತಿರಬಹುದು. "ಎಂಬತ್ತೈದಾಯ್ತು, ಇನ್ಯಾಕೆ ಆಪರೇಷನ್" ಎಂಬ ಮಾತೂ ಬರುತ್ತದೆ. ತೊಂಬತ್ತು ದಾಟಿದವರಿಗೂ ಮಾಡುತ್ತಾರೆ. ಬಹುಪಾಲು ಜನರಿಗೆ ಆಪರೇಷನ್ನಿಗಿಂತ ತಿಂಗಳುಗಟ್ಟಲೆ ಮಲಗುವುದೇ ಹೆಚ್ಚು ಅಪಾಯ. ಆದಷ್ಟು ಬೇಗ, 24ರಿಂದ 48 ಗಂಟೆಯೊಳಗೆ ಆದರೆ ಒಳ್ಳೆಯದು. ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ನೋವಾಗುತ್ತದೆ ಎಂದು ನೀವು ತಡೆಯಬೇಡಿ.

ಒಬ್ಬರೇ ಇರುವಾಗ ಬಿದ್ದರೆ ಏಳುವುದನ್ನೂ ಚೆನ್ನಾಗಿರುವಾಗಲೇ ಹೇಳಿಕೊಡಿ. ಮುರಿದಿಲ್ಲ ಎಂದು ಖಾತ್ರಿಯಾದರೆ ಪಕ್ಕಕ್ಕೆ ಹೊರಳಿ, ಅಂಬೆಗಾಲಲ್ಲಿ ಕುರ್ಚಿಯ ಹತ್ತಿರ ಹೋಗಿ, ಸೀಟಿನ ಮೇಲೆ ಎರಡೂ ಕೈ ಊರಿ, ಬಲವಿರುವ ಕಾಲು ಮುಂದಿಟ್ಟು ಏಳಬೇಕು. ಮೊಬೈಲು ಮೇಜಿನ ಮೇಲಿದ್ದರೆ ಬಿದ್ದವರಿಗೆ ಎಟುಕುವುದಿಲ್ಲ, ಕೊರಳಿಗೆ ದಾರ ಹಾಕಿಕೊಡಿ.

ಆಪರೇಷನ್ ಮುಗಿಸಿ ಕರೆತರುವ ಮುಂಚೆ ಬಚ್ಚಲ ಹಿಡಿಕೆ, ಎತ್ತರದ ಸೀಟು ಸಿದ್ಧವಾಗಿರಲಿ. ಒಂದು ಕಡೆ ಮುರಿದವರಿಗೆ ಇನ್ನೊಂದು ಕಡೆಯೂ ಮುರಿಯುವ ಭಯ ಇದ್ದೇ ಇದೆ. ಮುರಿದ ಜಾಗಕ್ಕೆ ರಾಡೋ, ಕೃತಕ ಬಾಲೋ ಹಾಕಿ ಕಳಿಸುವ ಗಡಿಬಿಡಿಯಲ್ಲಿ ಮೂಳೆ ಸವೆತದ ಔಷಧಿ ಬರೆಯುವುದು ಎಷ್ಟೋ ಸಲ ಬಿಟ್ಟುಹೋಗುತ್ತದೆ. ಡಿಸ್ಚಾರ್ಜ್ ದಿನವೇ ಕೇಳಿ, ಯಾವುದು, ಯಾವಾಗಿಂದ, ಎಷ್ಟು ವರ್ಷ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ.